ಪ್ರೈಮರ್ ಇಲ್ಲದ ಕಾಲಕ್ಕೆ ಎಷ್ಟು ಕೂಡಿಡಬೇಕು?

"ಸಾರ್, ಪ್ರೈಮರ್ ಎಲ್ಲಾದರೂ ಸಿಗುತ್ತಾ? ರೇಟು ಎಷ್ಟಾದರೂ ಪರವಾಗಿಲ್ಲ." ಕೇಳುವುದು ಬಂದೂಕಿನ ತೋಟಾಕ್ಕೆ ಹಾಕುವ ಪ್ರೈಮರ್. ಅಂಗಡಿಗಳ ಕಪಾಟು ಖಾಲಿಯಾದಾಗಲೆಲ್ಲ ನನಗೆ ಇಂಥ ಫೋನ್‌ಗಳು ಬರುತ್ತವೆ. ಕಪಾಟು ತುಂಬಿರುವಾಗ ಒಬ್ಬರೂ ಮಾಡುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ರೀಲೋಡಿಂಗ್, ಅಂದರೆ ಹೊಡೆದ ತೋಟಾ ಮತ್ತೆ ತುಂಬುವ ಸಾಮಾನು ಮಾರುವ ಕೌಂಟರ್ ಹಿಂದೆ ನಿಲ್ಲುವುದು ನನ್ನ ಕೆಲಸ. ವಾರಾಂತ್ಯದಲ್ಲಿ ಹೊಸಬರಿಗೆ ತೋಟಾ ತುಂಬುವುದನ್ನು ಕಲಿಸುತ್ತೇನೆ. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡಿಗರೂ ಈಗ ಗುಂಡು ಹೊಡೆಯುವ ರೇಂಜ್‌ಗೆ ಬರುತ್ತಾರೆ. ಅವರ ಪ್ರಶ್ನೆಯೂ ಇದೇ: ಎಷ್ಟು ಕೂಡಿಡಬೇಕು? ಕೂಡಿಡುವುದರಲ್ಲಿ ತಪ್ಪೇನಿಲ್ಲ. ಆದರೆ ಹೆಚ್ಚಿನವರು ಬೇಕಾದದ್ದನ್ನು ಬಿಟ್ಟು, ಸಿಕ್ಕಿದ್ದನ್ನು ಕೂಡಿಡುತ್ತಾರೆ. ನನ್ನ ತಕರಾರು ಅಷ್ಟೇ.

ಗೊತ್ತಿಲ್ಲದವರಿಗೆ ಒಂದು ಮಾತು. ತೋಟಾದಲ್ಲಿ ನಾಲ್ಕು ಭಾಗ ಇರುತ್ತದೆ: ಹಿತ್ತಾಳೆಯ ಕೇಸ್, ಪ್ರೈಮರ್, ಮದ್ದು, ಬುಲೆಟ್. ನಮ್ಮ ಮಲೆನಾಡಿನ ಕೇಪಿನ ಕೋವಿಯಲ್ಲಿ ಕೇಪು ಮಾಡುವ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಪಿನ್ನು ಬಡಿದಾಗ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಕೊಡುತ್ತದೆ. ಹೊಡೆದ ಮೇಲೆ ಉಳಿಯುವುದು ಕೇಸ್ ಒಂದೇ. ಅದನ್ನು ಆರಿಸಿ ತಂದು, ತೊಳೆದು, ಅಳತೆಗೆ ಒತ್ತಿ, ಉಳಿದ ಮೂರನ್ನು ಹೊಸದಾಗಿ ತುಂಬಿದರೆ ಅದೇ ರೀಲೋಡಿಂಗ್. ಒಂದೇ ಕೇಸ್ ಹಲವು ಸಲ ಬಾಳುತ್ತದೆ. .22 ರಿಮ್‌ಫೈರ್ ಎಂಬ ಸಣ್ಣ ತೋಟಾ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಉರಿಯುವ ಮಿಶ್ರಣ ಕೇಸಿನ ಅಂಚಿನ ಒಳಗೇ ಇರುತ್ತದೆ. ಅದನ್ನು ಮನೆಯಲ್ಲಿ ಮತ್ತೆ ತುಂಬಲು ಆಗುವುದಿಲ್ಲ.

ಅಮೆರಿಕದಲ್ಲಿ ಈ ಕೊರತೆ ಹೊಸದಲ್ಲ. 2008ರಲ್ಲಿ ಒಬಾಮಾ ಗೆದ್ದಾಗ ಒಮ್ಮೆ ಆಯಿತು. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಕಾನೂನು ಬಿಗಿಯಾಗುತ್ತದೆ ಎಂಬ ಭಯಕ್ಕೆ ಜನ ಅಂಗಡಿಗೆ ಮುಗಿಬಿದ್ದರು. ಮುಂದಿನ ಎರಡು ವರ್ಷ .22 ಸಿಗುವುದೇ ಕಷ್ಟವಾಯಿತು. 2020ರಲ್ಲಿ ಎಲ್ಲವೂ ಒಟ್ಟಿಗೇ ಬಂದವು: ಕೋವಿಡ್, ಬೀದಿ ಗಲಭೆ, ಚುನಾವಣೆ. ಆ ವರ್ಷ ಬಂದೂಕು ಖರೀದಿಗೆ ಸಂಬಂಧಿಸಿದ ಎಫ್‌ಬಿಐ ಹಿನ್ನೆಲೆ ತಪಾಸಣೆಗಳ ಸಂಖ್ಯೆ ಸುಮಾರು 3 ಕೋಟಿ 97 ಲಕ್ಷ. ಅದು ದಾಖಲೆ. ಬಂದೂಕು ಕೊಂಡವರಲ್ಲಿ ಮೊದಲ ಸಲದವರೇ ಲಕ್ಷಗಟ್ಟಲೆ. ಒಬ್ಬೊಬ್ಬರೂ ಎರಡು ಡಬ್ಬಿ ತೋಟಾ ಒಯ್ದರೂ ಸಾಕಲ್ವಾ, ದೇಶದ ಗೋದಾಮು ಬರಿದಾಗಲು?

ಮೊದಲು ಮಾಯವಾಗುವುದು ಪ್ರೈಮರೇ. ಯಾಕೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಈ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರೈಮರ್ ಮಾಡುವ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಇವರೇ ಸಿದ್ಧ ತೋಟಾ ಕೂಡ ಮಾಡುತ್ತಾರೆ. ತೋಟಾಕ್ಕೆ ಬೇಡಿಕೆ ಏರಿದಾಗ ತಮ್ಮ ಪ್ರೈಮರನ್ನು ಮೊದಲು ತಮ್ಮ ತೋಟಾಕ್ಕೇ ಹಾಕಿಕೊಳ್ಳುತ್ತಾರೆ. ಲಾಭ ಅಲ್ಲಿದೆ. ಮಿಕ್ಕರೆ ನಮಗೆ. 2020ರ ಜುಲೈನಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅರ್ಕಾನ್ಸಾದ ಲೋನೋಕ್‌ನಲ್ಲಿರುವ ಅದರ ತೋಟಾ ಕಾರ್ಖಾನೆಯನ್ನು ವಿಸ್ಟಾ ಕಂಪನಿ ಕೊಂಡಿತು. ಫೆಡರಲ್ ಮತ್ತು ಸಿಸಿಐ ಕೂಡ ಆಗ ವಿಸ್ಟಾದವೇ. ಹೊಸ ಪ್ರೈಮರ್ ಕಾರ್ಖಾನೆಯನ್ನು ನಾಳೆ ಬೆಳಗ್ಗೆ ಕಟ್ಟಲು ಆಗುವುದಿಲ್ಲ. ಒಳಗೆ ಇರುವುದು ಲೆಡ್ ಸ್ಟಿಫ್ನೇಟ್, ಬಡಿದರೆ ಸಿಡಿಯುವ ಸ್ಫೋಟಕ. ಬೇಡಿಕೆ ಇಳಿದ ಮೇಲೆ ಯಂತ್ರ ಸುಮ್ನೆ ನಿಲ್ಲುತ್ತದೆ ಎಂದು ಕಂಪನಿಗಳಿಗೂ ಗೊತ್ತು. 2020ಕ್ಕೆ ಮುಂಚೆ ಸಾವಿರ ಪ್ರೈಮರ್ 30-35 ಡಾಲರ್‌ಗೆ ಸಿಗುತ್ತಿತ್ತು. 2021ರಲ್ಲಿ ಕೈಯಿಂದ ಕೈಗೆ 150 ಡಾಲರ್ ದಾಟಿ ಹೋಗುತ್ತಿತ್ತು. ಹಳೇ ಬೆಲೆ ಆಮೇಲೆ ಮರಳಿ ಬರಲೇ ಇಲ್ಲ.

ಮದ್ದಿನ ಕಥೆ ಬೇರೆ. ಅದು ಪ್ರಪಂಚದ ಜೊತೆ ಹೊಯ್ದಾಡುತ್ತದೆ. ರೈಫಲ್‌ನವರು ಹುಡುಕಾಡುವ ಹಾಡ್ಜ್‌ಡನ್ ಕಂಪನಿಯ ಎಚ್4350 ಮದ್ದು ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಅಲಯಂಟ್ ಎಂಬ ಇನ್ನೊಂದು ಹೆಸರಿನ ಮದ್ದಿನ ಬೇರು ವರ್ಜೀನಿಯಾದ ರ‍್ಯಾಡ್‌ಫರ್ಡ್‌ನಲ್ಲಿರುವ ಸೇನೆಯ ಕಾರ್ಖಾನೆಯಲ್ಲಿದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್ ಫಿರಂಗಿ ಗುಂಡಿಗೂ ಬೇಕು, ನಮ್ಮ ಡಬ್ಬಿಗೂ ಬೇಕು. ಯಾರ ಪಾಲು ಮೊದಲು ಅಂತ ಹೇಳಬೇಕಿಲ್ಲ. 2024ರಲ್ಲಿ ಅಲಯಂಟ್ ಡಬ್ಬಿಗಳು ಹೆಚ್ಚುಕಡಿಮೆ ಸಿಗದಂತಾದವು.

ಬುಲೆಟ್‌ಗೆ ಇಷ್ಟು ಗೋಳಿಲ್ಲ. ಗಾಳಿಸುದ್ದಿಯ ಕಾಟ ಮಾತ್ರ ಇದೆ. ಮಿಸ್ಸೌರಿಯ ಹರ್ಕ್ಯುಲೇನಿಯಂನಲ್ಲಿ ಅದಿರಿನಿಂದ ಸೀಸ ತೆಗೆಯುವ ಅಮೆರಿಕದ ಕೊನೆಯ ಕಾರ್ಖಾನೆ ಇತ್ತು. ಅದು 2013ರ ಕೊನೆಗೆ ಮುಚ್ಚಿತು. "ಇನ್ನು ಸೀಸವೇ ಇಲ್ಲ" ಎಂದು ಜನ ಬುಲೆಟ್ ಬಾಚಿಕೊಂಡರು. ಇಲ್ಲಿ ಬಳಸುವ ಸೀಸದಲ್ಲಿ ಬಹುಪಾಲು ಹಳೇ ಬ್ಯಾಟರಿ ಕರಗಿಸಿ ತೆಗೆದದ್ದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಯಾರಿಗೂ "ಇಷ್ಟು ಸಾವಿರ ಕೊಳ್ಳಿ" ಅನ್ನುವುದಿಲ್ಲ. ವರ್ಷಕ್ಕೆ ಎಷ್ಟು ಹೊಡೆಯುತ್ತೀರಿ ಅಂತ ಕೇಳುತ್ತೇನೆ. ತಿಂಗಳಿಗೆ ಎರಡು ಸಲ ರೇಂಜ್, ಪ್ರತಿ ಸಲ 9 ಎಂಎಂ ಪಿಸ್ತೂಲಿನ 150 ರೌಂಡ್ (ತೋಟಾ) ಅಂದುಕೊಳ್ಳಿ. ವರ್ಷಕ್ಕೆ 3,600. ಅಂದರೆ ಸಾವಿರದ ನಾಲ್ಕು ಬ್ರಿಕ್ (ಪೆಟ್ಟಿಗೆ) ಪ್ರೈಮರ್. ಒಂದು ಪೌಂಡ್ ಮದ್ದು ಅಂದರೆ 7,000 ಗ್ರೇನ್. ರೌಂಡಿಗೆ ಸುಮಾರು 5 ಗ್ರೇನ್ ಹಿಡಿದರೆ ವರ್ಷಕ್ಕೆ 18,000 ಗ್ರೇನ್, ಮೂರು ಪೌಂಡ್ ಸಾಕು. ಕೇಸ್ ಆರಿಸಿಕೊಂಡರೆ ಏಳೆಂಟುನೂರರಲ್ಲೇ ಕಾಲ ಹಾಕಬಹುದು. ಇದು ಖರೀದಿಯ ಲೆಕ್ಕ ಅಷ್ಟೇ. ತುಂಬುವ ಅಳತೆಗೆ ಮದ್ದಿನ ಕಂಪನಿಯ ಕೈಪಿಡಿಯನ್ನೇ ನೋಡಿ.

ಆದರೆ ಕೊರತೆಯಲ್ಲಿ ಜನ ಏನು ಮಾಡುತ್ತಾರೆ? ಎಂಟು ಪೌಂಡಿನ ದೊಡ್ಡ ಜಗ್ ಕಣ್ಣಿಗೆ ಬೀಳುತ್ತದೆ, ಎತ್ತಿಕೊಳ್ಳುತ್ತಾರೆ. ಎಂಟು ಪೌಂಡ್ ಅಂದರೆ ಇದೇ ಲೆಕ್ಕದಲ್ಲಿ 11,200 ರೌಂಡಿಗೆ ಆಗುವ ಮದ್ದು. ಮನೆಯಲ್ಲಿ ಪ್ರೈಮರ್ ಒಂದೇ ಸಾವಿರ! ರೈಫಲ್‌ನವರದು ಇದರ ಉಲ್ಟಾ. .308 ಎಂಬ ರೈಫಲ್ ತೋಟಾಕ್ಕೆ ರೌಂಡಿಗೆ 43 ಗ್ರೇನ್ ಹಿಡಿದರೂ ಒಂದು ಪೌಂಡ್ 160 ರೌಂಡಿಗೆ ಮುಗಿಯುತ್ತದೆ. ಅವರಿಗೆ ಸಾವಿರ ಪ್ರೈಮರಿಗೆ ಆರು ಪೌಂಡಿಗಿಂತ ಜಾಸ್ತಿ ಮದ್ದು ಬೇಕು. ನಾಲ್ಕರಲ್ಲಿ ಯಾವುದು ಕಡಿಮೆ ಇದೆಯೋ ನಿಮ್ಮ ಸ್ಟಾಕ್ ಅಷ್ಟೇ. ನನ್ನ ಸಲಹೆ: ಪ್ರೈಮರನ್ನು ಅಳತೆಗೋಲು ಮಾಡಿಕೊಳ್ಳಿ. ಎರಡು ವರ್ಷಕ್ಕೆ ಬೇಕಾಗುವಷ್ಟು ಇಟ್ಟುಕೊಳ್ಳಿ. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹಳೇದನ್ನು ಮೊದಲು ಬಳಸಿ, ಬಳಸಿದಷ್ಟು ಮತ್ತೆ ತನ್ನಿ. ಕಪಾಟು ತುಂಬಿರುವ ತಿಂಗಳಲ್ಲಿ ಒಂದೊಂದು ಬ್ರಿಕ್ ಒಯ್ಯುವವರು ಕೊರತೆ ಬಂದಾಗ ನನಗೆ ಫೋನ್ ಮಾಡುವುದಿಲ್ಲ. ಹತ್ತಿರದ ಅಂಗಡಿಯಲ್ಲಿ ಕೊಂಡರೆ ಹಜ್ಮತ್ ಶುಲ್ಕವೂ (ಅಪಾಯಕಾರಿ ಸಾಮಾನು ಸಾಗಿಸುವ ಶುಲ್ಕ) ಉಳಿಯುತ್ತದೆ. ಆನ್‌ಲೈನ್ ಆದರೆ ನಾಲ್ಕೈದು ಗೆಳೆಯರು ಸೇರಿ ಒಂದೇ ಆರ್ಡರ್ ಹಾಕಿ ಶುಲ್ಕ ಹಂಚಿಕೊಳ್ಳುತ್ತಾರೆ.

ನನಗೆ ನಿಜವಾಗಿ ಭಯವಾಗುವುದು ಇನ್ನೊಂದು ವಿಷಯಕ್ಕೆ. ಸಾಮಾನು ಸಿಗದಿದ್ದರೆ ಏನಾಗುತ್ತದೆ? ಹೊಡೆಯುವುದು ನಿಲ್ಲುತ್ತದೆ, ಅಷ್ಟೇ. ಬದಲಿಗೆ ಏನೋ ಸಿಕ್ಕಿತು ಅಂತ ತುಂಬಿದರೆ ಕೈ ಹೋಗಬಹುದು, ಕಣ್ಣು ಹೋಗಬಹುದು. ಎಚ್4350 ಮತ್ತು ಐಎಂಆರ್4350 ಹೆಸರಿನಲ್ಲಿ ಅಣ್ಣತಮ್ಮಂದಿರು. ಉರಿಯುವ ವೇಗ ಒಂದೇ ಅಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು. 4895, 4831 ಎಂಬ ಹೆಸರಿನ ಮದ್ದುಗಳಲ್ಲೂ ಇದೇ ಗೊಂದಲ ಇದೆ. ಒಂದೇ ಮದ್ದಿನ ಹೊಸ ಲಾಟ್ (ಬೇರೆ ಸಲ ತಯಾರಾದ ಕಂತು) ತೆರೆದರೂ ಅಳತೆ ಇಳಿಸಿ ಮೊದಲಿಂದ ನೋಡುತ್ತಾ ಬರಬೇಕು. ಪ್ರೈಮರ್ ಬದಲಿಸಿದರೂ ಹಾಗೇ.

"ಸ್ಮಾಲ್ ಪಿಸ್ತೂಲ್ ಇಲ್ಲ, ಸ್ಮಾಲ್ ರೈಫಲ್ ಇದೆ, ಅಳತೆ ಒಂದೇ ಅಲ್ವಾ?" ಅಂತ ಕೇಳುತ್ತಾರೆ. ಹೊರಗಿನ ಅಳತೆ ಒಂದೇ, ನಿಜ. ಪ್ರೈಮರಿನ ತಗಡಿನ ದಪ್ಪ ಬೇರೆ. ರೈಫಲಿನ ದಪ್ಪ ತಗಡು ಕೆಲವು ಪಿಸ್ತೂಲಿನ ಪಿನ್ನಿಗೆ ಸಿಡಿಯುವುದೇ ಇಲ್ಲ. ಪಿಸ್ತೂಲಿನ ತೆಳು ತಗಡನ್ನು ರೈಫಲ್ ಒತ್ತಡಕ್ಕೆ ಹಾಕಿದರೆ ತೂತಾಗಿ ಬಿಸಿ ಗ್ಯಾಸ್ ಹಿಂದಕ್ಕೆ ಬರುತ್ತದೆ. ಲಾರ್ಜ್ ಆದರೆ ಎತ್ತರವೇ ಬೇರೆ. ರೈಫಲಿನದು ಪಿಸ್ತೂಲಿನ ಕೇಸಿನಲ್ಲಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬಂದೂಕು ಮುಚ್ಚಿಕೊಳ್ಳುವಾಗಲೇ ಢಂ ಅನ್ನಬಹುದು. ಸೀಲ್ ಒಡೆದ ಮದ್ದಿನ ಡಬ್ಬಿಯನ್ನು ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೂ ಮುಟ್ಟಬೇಡಿ. ಒಳಗೆ ಏನಿದೆ ಎಂದು ಲೇಬಲ್ ಹೇಳುವುದನ್ನು ನಂಬಲು ಆಗುವುದಿಲ್ಲ.

ಮನೆಯಲ್ಲಿ ಇಡುವುದಕ್ಕೂ ಮಿತಿ ಇದೆ. ಅಮೆರಿಕದ ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ನಿಯಮಾವಳಿ ಪ್ರಕಾರ ಮನೆಯಲ್ಲಿ 20 ಪೌಂಡ್‌ವರೆಗೆ ಸ್ಮೋಕ್‌ಲೆಸ್ ಮದ್ದನ್ನು (ನಾವು ತೋಟಾಕ್ಕೆ ತುಂಬುವ ಮದ್ದು) ಅದರ ಮೂಲ ಡಬ್ಬಿಯಲ್ಲೇ ಇಡಬಹುದು. 20ರಿಂದ 50 ಪೌಂಡ್ ಆದರೆ ಕನಿಷ್ಠ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000ದ ಒಳಗೆ. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು. ಅಪಾರ್ಟ್‌ಮೆಂಟ್ ಆದರೆ ಬಾಡಿಗೆ ಕರಾರು, ವಿಮೆ ಎರಡನ್ನೂ ಓದಿ.

ಕಬ್ಬಿಣದ ಸೇಫ್ ಒಳಗೆ ಇಟ್ಟರೆ ಭದ್ರ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮದ್ದಿಗೆ ಅದೇ ಅಪಾಯ. ಬಯಲಲ್ಲಿ ಮದ್ದು ಬುಸ್ಸೆಂದು ಉರಿದುಹೋಗುತ್ತದೆ. ಗಟ್ಟಿಯಾಗಿ ಮುಚ್ಚಿದ ಜಾಗದಲ್ಲಿ ಒತ್ತಡ ಕಟ್ಟಿ ಒಡೆಯುತ್ತದೆ. ಮರದ ಪೆಟ್ಟಿಗೆ ಬೇಕು ಅನ್ನುವುದು ಅದಕ್ಕೇ. ಪ್ರೈಮರನ್ನು ಟ್ರೇಯಿಂದ ತೆಗೆದು ಗಾಜಿನ ಬಾಟಲಿಗೆ ಸುರಿಯುವವರನ್ನು ನೋಡಿದ್ದೇನೆ. ಒಂದು ಸಿಡಿದರೆ ಅಷ್ಟೂ ಸಿಡಿಯುತ್ತವೆ. ಟ್ರೇಯಲ್ಲಿ ಒಂದೊಂದನ್ನೂ ಬೇರೆ ಬೇರೆ ಕೂರಿಸಿರುವುದು ಚಂದಕ್ಕಲ್ಲ. ಟೆಕ್ಸಸ್ ಬೇಸಿಗೆಯಲ್ಲಿ ಗ್ಯಾರೇಜ್ ಒಲೆಯಾಗುತ್ತದೆ, ಅಲ್ಲಿ ಬೇಡ. ಮನೆಯೊಳಗೆ ತಂಪಾದ, ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ. ಹಾಗಿಟ್ಟ ಮದ್ದು ದಶಕಗಟ್ಟಲೆ ಬಾಳುತ್ತದೆ. ಡಬ್ಬಿ ತೆರೆದಾಗ ಹುಳಿ ಘಾಟು ಹೊಡೆದರೆ, ಕೆಂಪು ಕಂದು ಹೊಗೆ ಅಥವಾ ಪುಡಿ ಕಂಡರೆ ಅದು ಕೆಟ್ಟಿದೆ. ಇಟ್ಟುಕೊಳ್ಳಬೇಡಿ.

ನಮ್ಮವರಿಗೆ ಮುಖ್ಯವಾದದ್ದು ಮುಂದಿನ ಮಾತು. ಇದನ್ನು ಇಲ್ಲಿನ ಬಿಳಿಯ ಗೆಳೆಯರು ಹೇಳುವುದಿಲ್ಲ, ಅವರಿಗೆ ಅದು ಬೇಕಾಗಿಯೇ ಇಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ "ತೋಟಾ" ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಕೇಸ್, ಪ್ರೈಮರ್, ಬುಲೆಟ್, ಮದ್ದು ಎಲ್ಲವೂ ಅದರಲ್ಲೇ ಸೇರುತ್ತವೆ. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. ಅಂದರೆ ಪರವಾನಗಿ ಇಲ್ಲದ ಎಚ್-1ಬಿ ಹುಡುಗ "ಮುಂದೆ ಬೇಕಾಗುತ್ತೆ" ಅಂತ ಒಂದು ಬ್ರಿಕ್ ಪ್ರೈಮರ್ ಕೊಂಡಿಟ್ಟರೂ ಅದು ಅಪರಾಧವೇ. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ವೀಸಾದ ಗತಿ ಹೇಳುವುದೇ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ. ಆದರೆ ಅದೇ ಮನೆಯಲ್ಲಿ ವೀಸಾದ ತಮ್ಮನೋ ರೂಮ್‌ಮೇಟೋ ಇದ್ದರೆ ಬೀಗದ ಕೀ ಅವರ ಕೈಗೆ ಸಿಗುವಂತೆ ಇರಬಾರದು. ಕೊಡಗಿನಿಂದ ಬಂದ ಕೆಲವರು "ನಮಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ" ಅನ್ನುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇರುವುದು ಭಾರತದ ಆಯುಧ ಕಾಯ್ದೆಯಲ್ಲಿ. ಇಲ್ಲಿ ಅದು ನಡೆಯುವುದಿಲ್ಲ. ರಾಜ್ಯದ ಕಾನೂನು ಮತ್ತೂ ಬೇರೆ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಕೌಂಟರ್‌ನವನನ್ನಲ್ಲ.

ಕೊರತೆಯ ಕಾಲದಲ್ಲಿ ನಕಲಿ ಜಾಲತಾಣಗಳೂ ಅಣಬೆಯಂತೆ ಏಳುತ್ತವೆ. ಎಲ್ಲೂ ಸಿಗದ ಪ್ರೈಮರ್ ಅವರ ಬಳಿ ಮಾತ್ರ, ಅದೂ ಹಳೇ ಬೆಲೆಗೆ ಇದ್ದು, ಕಾರ್ಡ್ ಬೇಡ, ನೇರ ಹಣ ಕಳಿಸಿ ಅಂದರೆ ಆ ತಾಣವನ್ನು ಮುಚ್ಚಿಬಿಡಿ.

ಊರು ಬಿಡುವಾಗ ಏನು ಮಾಡುವುದು ಅಂತಲೂ ಕೇಳುತ್ತಾರೆ. ಮದ್ದು, ಪ್ರೈಮರ್ ಎರಡನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಲ್ಲ. ಮಾಮೂಲಿ ಅಂಚೆಯಲ್ಲೂ ಕಳಿಸುವಂತಿಲ್ಲ. ಸೀಲ್ ಇರುವುದನ್ನು ನಿಮ್ಮದೇ ಕ್ಲಬ್ಬಿನ ಪರಿಚಯದವರಿಗೆ ಕಾನೂನು ಪ್ರಕಾರ ದಾಟಿಸಿ. ಉಳಿದದ್ದಕ್ಕೆ ಅಗ್ನಿಶಾಮಕ ಇಲಾಖೆಯನ್ನು ಕೇಳಿ. ಬೆಂಗಳೂರಿಗೆ ಹೊರಟವರು ರೇಂಜ್‌ಗೆ ಒಯ್ಯುತ್ತಿದ್ದ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜೇಬಿನ ಮೂಲೆಯಲ್ಲಿ ಒಂದು ತೋಟಾ ಉಳಿದು ಭಾರತದ ವಿಮಾನ ನಿಲ್ದಾಣಗಳಲ್ಲಿ ಆಯುಧ ಕಾಯ್ದೆಯಡಿ ಕೇಸು ಬಿದ್ದವರಿದ್ದಾರೆ. ಅಲ್ಲಿನ ಕಾಯ್ದೆಯಲ್ಲೂ ತೋಟಾದ ಬಿಡಿಭಾಗಗಳು ತೋಟಾ ಲೆಕ್ಕವೇ. ಗೊತ್ತಿದ್ದೂ ಇಟ್ಟುಕೊಂಡಿದ್ದಲ್ಲ ಎಂದು ಕೋರ್ಟುಗಳು ಇಂಥ ಎಷ್ಟೋ ಕೇಸು ರದ್ದು ಮಾಡಿವೆ. ಆದರೆ ಅಲ್ಲಿಯವರೆಗೆ ವಕೀಲರು, ಕೋರ್ಟು, ತಪ್ಪಿದ ವಿಮಾನ ಎಲ್ಲವೂ ನಿಮ್ಮ ಖರ್ಚಿನಲ್ಲೇ. ರೇಂಜಿಗೆ ಒಂದು ಬ್ಯಾಗ್, ಊರಿಗೆ ಬೇರೆ ಬ್ಯಾಗ್ ಇಟ್ಟುಕೊಳ್ಳಿ.