ಸೆಷನ್ ಮ್ಯಾನೇಜರ್ ಅಂದ್ರೆ ಯಾರಪ್ಪಾ? ಕಂಪ್ಯೂಟರ್ ಸೌಂಡಿನ ನೀರುಗಂಟಿ

ಲಿನಕ್ಸ್ ಬಳಸೋರು ಒಂದಲ್ಲ ಒಂದಿನ ಈ ಪದವನ್ನ ಎಡವಿರ್ತೀರ. ಹಾಡು ಹಾಕಿದ್ರೆ ಪ್ಲೇಯರ್‌ನಲ್ಲಿ ಸೆಕೆಂಡ್ ಓಡ್ತಾ ಇರತ್ತೆ, ಸ್ಪೀಕರ್ ಮಾತ್ರ ಗಪ್‌ಚುಪ್, ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಸ್ಪೀಕರ್ ಹೆಸರೇ ಮಾಯ, ಅದರ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಏನೋ ಕೂತಿರತ್ತೆ. ಯಾರನ್ನಾದ್ರೂ ಕೇಳಿದ್ರೆ ‘ಸೆಷನ್ ಮ್ಯಾನೇಜರ್ ಬಿದ್ದೋಗಿದೆ ಗುರು, ವೈರ್‌ಪ್ಲಂಬರ್ ರೀಸ್ಟಾರ್ಟ್ ಮಾಡು’ ಅಂತಾರೆ. ವೈರ್‌ಪ್ಲಂಬರ್ ಅನ್ನೋದು ಆ ಸೆಷನ್ ಮ್ಯಾನೇಜರ್ ಹೆಸರು. ಮಾಡ್ತೀವಿ, ಸೌಂಡ್ ಬರತ್ತೆ, ಮರೆತುಬಿಡ್ತೀವಿ. ನಾನೂ ಬಹಳ ದಿನ ಹಾಗೇ ಮಾಡ್ತಿದ್ದೆ, ಅದು ಬಿದ್ದೋದ್ರೆ ಸ್ಪೀಕರ್ ಯಾಕೆ ಮಾಯ ಆಗ್ಬೇಕು ಅಂತ ಯೋಚನೆ ಮಾಡಿರ್ಲಿಲ್ಲ.

ಮೊದಲು ‘ಸೆಷನ್’ ಅನ್ನೋದನ್ನ ನೋಡೋಣ. ಮಲ್ಟಿಮೀಡಿಯಾ ಲೋಕದಲ್ಲಿ ಈ ಪದ ಹೆಚ್ಚಾಗಿ ಇಂಟರ್ನೆಟ್ ಫೋನ್ ಕಡೆಯವರ ಬಾಯಲ್ಲಿತ್ತು. 1998ರಲ್ಲಿ ಬಂದ ಎಸ್‌ಡಿಪಿ ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆ ಅರ್ಥ ಕೊಟ್ಟಿದ್ದಾರೆ, ಸರಳವಾಗಿ ಹೇಳೋದಾದ್ರೆ ಕಳಿಸೋರು, ತಗೊಳ್ಳೋರು, ಅವರ ನಡುವೆ ಹರಿಯೋ ಡೇಟಾ, ಈ ಮೂರೂ ಸೇರಿ ಒಂದು ಸೆಷನ್. ಅಲ್ಲಿ ಇಬ್ರು ಬೇರೆ ಬೇರೆ ಊರಲ್ಲಿರ್ತಾರೆ. ಈಗ ಇದನ್ನೇ ನಿಮ್ಮ ಲ್ಯಾಪ್‌ಟಾಪ್ ಒಳಗೆ ತನ್ನಿ. ಬ್ರೌಸರ್ ಸೌಂಡ್ ಕಳಿಸತ್ತೆ, ಹೆಡ್‌ಫೋನ್ ತಗೊಳ್ಳತ್ತೆ, ಮೈಕ್ ಕಳಿಸತ್ತೆ, ಮೀಟಿಂಗ್ ಆಪ್ ತಗೊಳ್ಳತ್ತೆ, ಕ್ಯಾಮೆರಾ ಕಥೆನೂ ಅಷ್ಟೇ. ಇವರಲ್ಲಿ ಯಾರನ್ನ ಯಾರಿಗೆ ಜೋಡಿಸ್ಬೇಕು ಅಂತ ನಿರ್ಧಾರ ಮಾಡೋನೇ ಸೆಷನ್ ಮ್ಯಾನೇಜರ್. (ಡೆಸ್ಕ್‌ಟಾಪ್‌ಗೆ ಲಾಗಿನ್ ಆದಾಗ ಓಡೋ ಇನ್ನೊಂದು ಸೆಷನ್ ಮ್ಯಾನೇಜರ್ ಇದೆ, ಅದು ಬೇರೆ, ಎರಡನ್ನೂ ಕಲಸಬೇಡಿ.)

ಇವತ್ತಿನ ಲಿನಕ್ಸ್‌ನಲ್ಲಿ ಸೌಂಡು ವಿಡಿಯೋ ಎರಡನ್ನೂ ಹರಿಸೋ ವ್ಯವಸ್ಥೆ ಹೆಸರು ಪೈಪ್‌ವೈರ್, ರೆಡ್ ಹ್ಯಾಟ್ ಕಂಪನಿಯ ವಿಮ್ ಟೇಮನ್ಸ್ ಬರೆದಿದ್ದು. ಇದು ಬರೋಕ್ ಮುಂಚೆ ಪಲ್ಸ್‌ಆಡಿಯೋ ಇತ್ತು, ಸಂಗೀತ ರೆಕಾರ್ಡಿಂಗ್ ಮಾಡೋರಿಗೆ ಜ್ಯಾಕ್ ಅಂತ ಇನ್ನೊಂದಿತ್ತು, ಎರಡನ್ನೂ ಒಟ್ಟಿಗೆ ಓಡಿಸೋಕೆ ಹೋದವರ ಪಾಡು ಯಾರಿಗೂ ಬೇಡ. 2021ರ ಏಪ್ರಿಲ್‌ನಲ್ಲಿ ಫೆಡೋರಾ ಅನ್ನೋ ಲಿನಕ್ಸ್‌ನ 34ನೇ ಆವೃತ್ತಿ ಸೌಂಡಿಗೆ ಪೈಪ್‌ವೈರನ್ನ ಡೀಫಾಲ್ಟ್ ಮಾಡ್ತು. ಆದ್ರೆ ಪೈಪ್‌ವೈರ್‌ಗೆ ಒಂದು ವಿಚಿತ್ರ ಗುಣ ಇದೆ, ಅದು ತಾನಾಗಿ ಯಾವ ನಿರ್ಧಾರನೂ ತಗೊಳ್ಳಲ್ಲ. ಹರಿಸು ಅಂದ್ರೆ ಹರಿಸತ್ತೆ ಅಷ್ಟೇ. ಯಾವ ಸೌಂಡ್ ಕಾರ್ಡ್ ತೆರೀಬೇಕು, ಹೊಸ ಆಪ್ ಬಂದ್ರೆ ಯಾವ ಸ್ಪೀಕರ್‌ಗೆ ಕಟ್ಬೇಕು, ಯಾರಿಗೆ ಕ್ಯಾಮೆರಾ ಕೊಡ್ಬೋದು, ಇದೆಲ್ಲ ಹೊರಗಿನಿಂದ ಇನ್ನೊಬ್ಬ ಬಂದು ಹೇಳ್ಬೇಕು. ಮೊದಮೊದಲು ಈ ಕೆಲಸಕ್ಕೆ ಪೈಪ್‌ವೈರ್ ಜೊತೆಗೇ ಒಂದು ಸ್ಯಾಂಪಲ್ ಮ್ಯಾನೇಜರ್ ಕೊಟ್ಟಿದ್ರು, ಸ್ಯಾಂಪಲ್ ಅಂತ ಬರೆದಿದ್ದನ್ನೇ ಎಲ್ಲರೂ ದಿನನಿತ್ಯಕ್ಕೆ ಓಡಿಸಿದ್ವಿ. ಫೆಡೋರಾ 35ರಿಂದ ಆ ಜಾಗಕ್ಕೆ ವೈರ್‌ಪ್ಲಂಬರ್ ಬಂತು.

ಹೆಸರು ಪ್ಲಂಬರ್ ಅಂತ ಇಟ್ಟಿದ್ದಾರೆ, ಪೈಪು ಇದ್ಮೇಲೆ ಪ್ಲಂಬರ್ ಇರ್ಬೇಕಲ್ಲ ಅನ್ನೋ ತಮಾಷೆ. ನನಗೆ ಮಾತ್ರ ಈ ಹೆಸರು ಅರ್ಧ ಸರಿ, ಅರ್ಧ ತಪ್ಪು ಅನ್ಸತ್ತೆ. ಪ್ಲಂಬರ್ ಒಂದ್ಸಲ ಬಂದು ಪೈಪ್ ಜೋಡಿಸಿ ದುಡ್ಡು ಇಸ್ಕೊಂಡು ಹೋಗ್ತಾನೆ, ಮತ್ತೆ ಸೋರಿದಾಗ್ಲೇ ಅವನ ಮುಖ ನೋಡೋದು. ಇದು ದಿನಾ ಕೂತು ನೋಡ್ಕೊಳ್ಳೋ ಕೆಲಸ. ನಮ್ಮಲ್ಲಿ ಇದಕ್ಕೆ ಹೇಳಿಮಾಡಿಸಿದ ಪದ ಇದೆ, ನೀರುಗಂಟಿ. ಕೋಲಾರದ ಕಡೆ ಕೆರೆ ಕೆಳಗೆ ಗದ್ದೆ ಇದ್ದೋರಿಗೆ ಹೇಳೋದೇ ಬೇಡ. ಕೆರೆ ಅವನದಲ್ಲ, ನೀರು ಅವನದಲ್ಲ, ಗದ್ದೆನೂ ಅವನದಲ್ಲ. ಆದ್ರೆ ತೂಬು ಯಾವಾಗ ಎತ್ಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು, ಯಾರ ಸರದಿ ಆದ್ಮೇಲೆ ಯಾರದು, ಇದೆಲ್ಲ ಅವನ ತಲೇಲಿ. ಅವನಿಲ್ದಿದ್ರೆ ಕೆರೆ ತುಂಬಿದ್ರೂ ಗದ್ದೆ ಒಣಗತ್ತೆ. ಡಮ್ಮಿ ಔಟ್‌ಪುಟ್ ಅಂದ್ರೆ ಇದೇ: ಪೈಪ್‌ವೈರ್ ಓಡ್ತಾ ಇದೆ, ತೂಬು ಎತ್ತೋನು ಬಂದಿಲ್ಲ.

ಈ ಹೋಲಿಕೆ ಇನ್ನೂ ಒಂದು ಕಡೆ ಸರಿಯಾಗಿ ಕೂರತ್ತೆ. ನೀರುಗಂಟಿ ನೀರನ್ನ ಹೊತ್ಕೊಂಡ್ ಹೋಗಲ್ಲ. ಹಾಗೇನೇ, ಬ್ಲೂಟೂತ್ ಒಂದನ್ನ ಬಿಟ್ರೆ, ನೀವು ಕೇಳೋ ಹಾಡು ಸಾಮಾನ್ಯವಾಗಿ ವೈರ್‌ಪ್ಲಂಬರ್ ಒಳಗಿಂದ ಹಾದು ಹೋಗಲ್ಲ. ಪೈಪ್‌ವೈರ್ ಸಾಮಾನ್ಯವಾಗಿ ಸೆಕೆಂಡಿಗೆ 48000 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದ್ರೆ ಸೌಂಡಿನ ಒಂದು ಅಳತೆ), ಒಂದು ಸುತ್ತಿಗೆ 1024ರಂತೆ ಕಳಿಸತ್ತೆ, ಅಂದ್ರೆ ಸುಮಾರು 21 ಮಿಲಿಸೆಕೆಂಡಿಗೆ ಒಂದು ಸುತ್ತು, ಅಷ್ಟರಲ್ಲಿ ಕೆಲಸ ಮುಗೀಲಿಲ್ಲ ಅಂದ್ರೆ ಕಿವೀಲಿ ಕರ್ರ್ ಅನ್ನತ್ತೆ. ಆ ಓಟದಲ್ಲಿ ವೈರ್‌ಪ್ಲಂಬರ್‌ನ ನಿರ್ಧಾರ ಮಾಡೋ ಭಾಗ ಇಲ್ವೇ ಇಲ್ಲ. ಅದಕ್ಕೇ ಅದರ ತೀರ್ಮಾನಗಳನ್ನೆಲ್ಲ ಲುವಾ ಅನ್ನೋ ಪುಟ್ಟ ಸ್ಕ್ರಿಪ್ಟ್ ಭಾಷೇಲಿ ಆರಾಮಾಗಿ ಬರೆಯೋಕಾಗೋದು, ನಿರ್ಧಾರ ಸ್ವಲ್ಪ ತಡ ಆದ್ರೆ ಹೆಡ್‌ಫೋನ್ ಚುಚ್ಚಿದ ಮೇಲೆ ಕಣ್ಣು ಮಿಟುಕಿಸೋ ಹೊತ್ತು ಜಾಸ್ತಿ ಹಿಡೀಬೋದು, ಹರೀತಿರೋ ಹಾಡೇನೂ ತುಂಡಾಗಲ್ಲ.

ಸರಿ, ವೈರ್‌ಪ್ಲಂಬರನ್ನ ಬರೀ ಪ್ರೋಗ್ರಾಂ ಅನ್ನದೆ ‘ಲೈಬ್ರರಿ’, ಅಂದ್ರೆ ಬೇರೆ ಪ್ರೋಗ್ರಾಂಗಳು ಬಳಸ್ಕೊಳ್ಳೋ ಕೋಡಿನ ಕಟ್ಟು, ಅಂತಾನೂ ಕರೀತಾರೆ. ಯಾಕೆ? ಇದಕ್ಕೆ ಕಾರಣ ಹುಡುಕಿದ್ರೆ ಕಾರ್ ಹತ್ರ ಹೋಗ್ಬೇಕು. ಕೊಲಾಬೊರಾ ಕಂಪನಿಯವರು 2019ರ ಸುಮಾರಿಗೆ ಆಟೋಮೋಟಿವ್ ಗ್ರೇಡ್ ಲಿನಕ್ಸ್ ಯೋಜನೆಗಾಗಿ ಇದನ್ನ ಶುರು ಮಾಡಿದ್ರು, ಮುಂದೆ ನಿಂತು ನಡೆಸಿದೋರು ಜಾರ್ಜ್ ಕಿಯಾಗಿಯಾಡಾಕಿಸ್. ಕಾರಲ್ಲಿ ಹಾಡು ಓಡ್ತಿರುವಾಗ ‘ಮುಂದೆ ಎಡಕ್ಕೆ ತಿರುಗಿ’ ಅಂತ ಮ್ಯಾಪ್ ಮಾತಾಡಿದ್ರೆ ಹಾಡು ತಗ್ಗಬೇಕು, ಫೋನ್ ಬಂದ್ರೆ ಹಾಡು ನಿಲ್ಲಬೇಕು, ಲ್ಯಾಪ್‌ಟಾಪಲ್ಲಿ ಇದ್ಯಾವುದೂ ಬೇಡ, ಅಲ್ಲಿ ನಾಲ್ಕು ಟ್ಯಾಬ್ ಒಟ್ಟಿಗೆ ಕೂಗಿದ್ರೂ ಕೂಗ್ಲಿ. ಒಂದೊಂದು ಊರಿನ ಕೆರೆಗೆ ಒಂದೊಂದು ಪದ್ಧತಿ. ಹಾಗಾಗಿ ಪೈಪ್‌ವೈರ್ ಜೊತೆ ಮಾತಾಡೋ ಕಷ್ಟದ ಭಾಗನೆಲ್ಲ ಸಿ ಭಾಷೇಲಿ ಬರೆದು ಲೈಬ್ರರಿ ಮಾಡಿ ಇಟ್ರು, ಪದ್ಧತಿಯನ್ನ ಸ್ಕ್ರಿಪ್ಟಿಗೆ ಬಿಟ್ರು. ಎಂಐಟಿ ಲೈಸೆನ್ಸ್, ಯಾರು ಬೇಕಾದ್ರೂ ತಗೊಂಡು ತಮ್ಮದೇ ಮ್ಯಾನೇಜರ್ ಕಟ್ಕೋಬೋದು. ವೈರ್‌ಪ್ಲಂಬರ್ ಅಂತ ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ ಇದ್ಯಲ್ಲ, ಅದು ತೀರಾ ತೆಳ್ಳಗಿನದು, ಲೈಬ್ರರಿ ತೆರೆದು ಸ್ಕ್ರಿಪ್ಟುಗಳನ್ನ ಲೋಡ್ ಮಾಡಿ ಸುಮ್ನಾಗತ್ತೆ.

2024ರ ಮಾರ್ಚ್‌ನಲ್ಲಿ ಬಂದ 0.5 ಆವೃತ್ತಿ ಇದರ ದೊಡ್ಡ ತಿರುವು. ಅದಕ್ಕೂ ಮುಂಚೆ ಸ್ಕ್ರಿಪ್ಟುಗಳು ತಮ್ಮ ಪಾಡಿಗೆ ತಾವು ಓಡ್ತಿದ್ವು, ಒಂದು ಮಾಡಿದ್ದನ್ನ ಇನ್ನೊಂದು ಗಮನಿಸದೆ ಬೇರೆ ಮಾಡೋ ಸಾಧ್ಯತೆ ಇತ್ತು. 0.5ರಲ್ಲಿ ಎಲ್ಲವೂ ಸಾಲಿಗೆ ಬಂತು. ಏನೇ ಆದ್ರೂ ಅದೊಂದು ‘ಈವೆಂಟ್’, ಅದು ನಡೆದಾಗ ಓಡೋಕೆ ‘ಹುಕ್’ ಅನ್ನೋ ಸಣ್ಣಸಣ್ಣ ಕೋಡ್ ತುಣುಕುಗಳು, ಯಾವುದು ಆದ್ಮೇಲೆ ಯಾವುದು ಅಂತ ಬರೆದಿಟ್ಟಿರತ್ತೆ. ಉದಾಹರಣೆಗೆ ನೀವು ಹಾಡು ಹಾಕಿದ್ರಿ. ಮೊದಲನೇ ಹುಕ್ ಕೇಳತ್ತೆ, ಈ ಆಪ್ ಇಂಥದ್ದೇ ಸ್ಪೀಕರ್ ಬೇಕು ಅಂತ ಹೇಳಿದ್ಯಾ? ಇಲ್ವಾ, ಹಾಗಾದ್ರೆ ಯೂಸರ್ ಆರಿಸಿಟ್ಟ ಡೀಫಾಲ್ಟ್ ಇದ್ಯಾ? ಅದೂ ಇಲ್ವಾ, ಇರೋದ್ರಲ್ಲಿ ಯಾವುದು ವಾಸಿ? ಸಿಕ್ತು ಅಂದ್ಮೇಲೆ ತಯಾರಿ ಮಾಡಿ ಕೊಂಡಿ ಹಾಕತ್ತೆ. ನಿಮ್ಮ ಆಯ್ಕೆಗಳನ್ನ ಫೈಲಲ್ಲಿ ಬರೆದಿಟ್ಕೊಂಡಿರತ್ತೆ, ಅದಕ್ಕೇ ಯುಎಸ್‌ಬಿ ಹೆಡ್‌ಫೋನ್ ಕಿತ್ತು ನಾಳೆ ಮತ್ತೆ ಚುಚ್ಚಿದ್ರೂ ಸೌಂಡ್ ಅದಕ್ಕೇ ಹೋಗೋದು.

ಅದೇ 0.5ರಲ್ಲಿ ಹಳೇ ಲುವಾ ಕಾನ್ಫಿಗ್ ಫೈಲುಗಳನ್ನ ಓದೋದು ನಿಲ್ಲಿಸಿದ್ರು, ಸ್ಕ್ರಿಪ್ಟ್ ಮಾತ್ರ ಲುವಾ, ಸೆಟ್ಟಿಂಗೆಲ್ಲ ಜೇಸನ್ (ಹೆಸರು, ಅದರ ಮುಂದೆ ಬೆಲೆ ಅಂತ ಬರೆಯೋ ರೀತಿ) ಥರದ ಹೊಸ ಶೈಲಿಗೆ ಬದಲಾಯ್ತು. ಬಿಡುಗಡೆ ಟಿಪ್ಪಣಿ ಓದದೆ ಅಪ್‌ಡೇಟ್ ಒತ್ತಿದ ನನ್ನಂಥೋರು ಒಂದು ಸಂಜೆ ಪೂರ್ತಿ ತಲೆ ಕೆರ್ಕೊಂಡ್ವಿ. ಆದ್ರೂ ಇದು ಒಳ್ಳೇ ನಿರ್ಧಾರನೇ ಅಂತೀನಿ, ಒಂದು ಡಿವೈಸ್ ಹೆಸರು ಬದಲಾಯಿಸೋಕೆ ಪ್ರೋಗ್ರಾಮಿಂಗ್ ಬರ್ಬೇಕು ಅನ್ನೋದು ಯಾವ ನ್ಯಾಯ.

ವೈರ್‌ಪ್ಲಂಬರನ್ನ ತಿದ್ದೋ ಕೆಲಸ ಇನ್ನೂ ನಡೀತಾನೇ ಇರೋದಕ್ಕೆ ಒಂದು ಕಾರಣ ಬ್ಲೂಟೂತ್. ಬ್ಲೂಟೂತ್ ಹೆಡ್‌ಸೆಟ್ಟಿಗೆ ಎರಡು ಮುಖ, ಒಂದು ಎ2ಡಿಪಿ, ಸ್ಟೀರಿಯೋ, ಸೌಂಡ್ ಚೆನ್ನಾಗಿರತ್ತೆ, ಮೈಕ್ ಇರಲ್ಲ. ಇನ್ನೊಂದು ಎಚ್‌ಎಫ್‌ಪಿ, ಮೈಕ್ ಇರತ್ತೆ, ಸೌಂಡು ಸಾಮಾನ್ಯವಾಗಿ ಸೆಕೆಂಡಿಗೆ 8000 ಇಲ್ಲಾ 16000 ಸ್ಯಾಂಪಲ್‌ಗೆ ಇಳಿದು ಹಳೇ ಟ್ರಂಕ್ ಕಾಲ್ ಥರ ಆಗತ್ತೆ. ಮೀಟಿಂಗ್ ಶುರುವಾದಾಗ ಎರಡನೇದಕ್ಕೆ, ಮುಗಿದ ಮೇಲೆ ಮೊದಲನೇದಕ್ಕೆ, ಈ ಬದಲಾವಣೆನೂ ವೈರ್‌ಪ್ಲಂಬರ್‌ದೇ. ಆದ್ರೆ ಇಲ್ಲೊಂದು ತೊಡಕು, ಎ2ಡಿಪಿಯಲ್ಲಿ ಮೈಕೇ ಇಲ್ಲ ಅಂದ್ಮೇಲೆ ಆಪ್ ಅದನ್ನ ಆರಿಸೋದು ಹೇಗೆ? ಅದಕ್ಕೆ 0.5 ಸಾಲಿನಲ್ಲಿ ಒಂದು ಉಪಾಯ ಮಾಡಿದ್ರು, ಹೆಡ್‌ಸೆಟ್ ಹೆಸರಲ್ಲಿ ಒಂದು ಸುಳ್ಳು ಮೈಕ್ ಯಾವಾಗ್ಲೂ ತೋರಿಸ್ತಾ ಇರೋದು, ಯಾರಾದ್ರೂ ಅದನ್ನ ತೆರೆದ್ರೆ ಆಗ ನಿಜವಾದ ಮೈಕಿಗೆ ದಾಟಿಸೋದು. ಬೇಡ ಅನ್ನೋರು ಈ ಆಟೋಸ್ವಿಚ್ ಸೆಟ್ಟಿಂಗನ್ನ ಆಫ್ ಮಾಡ್ಕೋಬೋದು, ಲ್ಯಾಪ್‌ಟಾಪಿನದೇ ಮೈಕ್ ಸಾಕು ಅನ್ನೋರಿಗೆ ಅದೇ ಒಳ್ಳೇದು.

ನಿಮ್ಮ ನೀರುಗಂಟಿ ಈಗ ಏನ್ ಮಾಡ್ತಿದ್ದಾನೆ ಅಂತ ನೋಡ್ಬೇಕಾ, ಟರ್ಮಿನಲ್ ತೆಗೆದು ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್ (wpctl status) ಅನ್ನೋ ಕಮಾಂಡ್ ಹೊಡೀರಿ. ಸೌಂಡ್ ಕಾರ್ಡು, ಸ್ಪೀಕರು, ಮೈಕು, ಈಗ ಓಡ್ತಿರೋ ಆಪ್‌ಗಳು, ಎಲ್ಲ ನಂಬರ್ ಸಮೇತ ಮರದ ಕೊಂಬೆ ಥರ ಬರತ್ತೆ, ಡೀಫಾಲ್ಟ್ ಇರೋದರ ಮುಂದೆ ಒಂದು ನಕ್ಷತ್ರ ಇರತ್ತೆ. ಸೌಂಡ್ ಬರ್ತಿಲ್ಲ ಅಂತ ನನ್ನ ಹತ್ರ ಬಂದೋರಲ್ಲಿ ಬಹಳಷ್ಟು ಜನರ ಲ್ಯಾಪ್‌ಟಾಪಲ್ಲಿ ಆ ನಕ್ಷತ್ರ ಎಚ್‌ಡಿಎಂಐ ಮುಂದೆ, ಸ್ಪೀಕರೇ ಇಲ್ದಿರೋ ಮಾನಿಟರ್ ಹೆಸರಿನ ಪಕ್ಕದಲ್ಲಿ ಕೂತಿತ್ತು.