‘ಚಾವ್’ ಮತ್ತು ‘ಸ್ಲೇವ್’: ಒಂದೇ ಬೇರಿನ ಎರಡು ಪದಗಳು

ಇಟಾಲಿಯನ್ ಕಲಿಯಲು ಬರುವವರಿಗೆ ಮೊದಲೇ ಗೊತ್ತಿರುವ ಪದ ‘ಚಾವ್’. ಬಂದಾಗಲೂ ಹೇಳಬಹುದು, ಹೊರಡುವಾಗಲೂ ಹೇಳಬಹುದು. ಈ ಪದಕ್ಕೂ ಇಂಗ್ಲಿಷಿನ ‘ಸ್ಲೇವ್’ಗೂ ಮೂಲ ಒಂದೇ ಎಂದರೆ ತರಗತಿಯಲ್ಲಿ ಯಾರೂ ಸುಲಭವಾಗಿ ನಂಬುವುದಿಲ್ಲ.

ಹಿಂದೆ ವೆನಿಸಿನ ಜನ ಎದುರಾದಾಗ ‘ಸ್ಚಾವೊ ವೋಸ್ತ್ರೊ’ ಎನ್ನುತ್ತಿದ್ದರು. ‘ನಾನು ನಿಮ್ಮ ದಾಸ’ ಎಂದರ್ಥ. ನಮ್ಮ ರಜಾ ಅರ್ಜಿಯ ಕೊನೆಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆಯುತ್ತೇವಲ್ಲ, ಅಂಥದೇ ಮರ್ಯಾದೆಯ ಮಾತು. ಬಾಯಿಂದ ಬಾಯಿಗೆ ಸವೆದು ಅದು ‘ಚಾವ್’ ಆಯಿತು. 19ನೇ ಶತಮಾನದಲ್ಲಿ ಇಟಲಿಯ ಉಳಿದ ಕಡೆಗೂ ಹಬ್ಬಿತು. ಇಟಾಲಿಯನ್‌ನಲ್ಲಿ ಗುಲಾಮನಿಗೆ ಇಂದಿಗೂ ‘ಸ್ಕಿಯಾವೊ’ ಎಂದೇ ಹೆಸರು.

ಫ್ರೆಂಚಿನ ‘ಎಸ್ಕ್ಲಾವ್’, ಸ್ಪ್ಯಾನಿಷಿನ ‘ಎಸ್ಕ್ಲಾವೊ’, ಜರ್ಮನ್ನಿನ ‘ಸ್ಕ್ಲಾವೆ’, ಡಚ್ಚಿನ ‘ಸ್ಲಾಫ್’ ಎಲ್ಲವೂ ಇದೇ ಬಳಗ. ಇವೆಲ್ಲ ಮಧ್ಯಯುಗದ ಲ್ಯಾಟಿನ್ನಿನ ‘ಸ್ಕ್ಲಾವುಸ್’ನಿಂದ ಬಂದವು. ಆದರೆ ಸ್ಕ್ಲಾವುಸ್ ಎಂದರೆ ಮೊದಲು ಗುಲಾಮ ಅಲ್ಲ, ಸ್ಲಾವ್ ಜನಾಂಗದವನು (ಇಂದಿನ ರಷ್ಯನ್ನರು, ಪೋಲೆಂಡಿನವರು, ಜೆಕ್ ಜನರೆಲ್ಲ ಸೇರುವ ಜನಾಂಗ) ಅಷ್ಟೇ.

ಆ ಜನ ತಮ್ಮನ್ನು ತಾವೇ ‘ಸ್ಲೊವೇನೆ’ ಎಂದು ಕರೆದುಕೊಂಡರು. ‘ಸ್ಲೊವೊ’ ಎಂದರೆ ಮಾತು. ನಮಗೆ ಅರ್ಥವಾಗುವ ಹಾಗೆ ಮಾತಾಡುವವರು ಎಂಬುದು ಹೆಸರಿನ ಮೂಲ ಎಂದು ಬಹಳಷ್ಟು ಭಾಷಾತಜ್ಞರು ಹೇಳುತ್ತಾರೆ. ಪಕ್ಕದ ಜರ್ಮನರಿಗೆ ಸ್ಲಾವ್ ಜನ ಇಟ್ಟ ಹೆಸರು ‘ಮೂಕರು’ ಎಂಬ ಅರ್ಥದ್ದು. ರಷ್ಯನ್ನಿನಲ್ಲಿ ಇವತ್ತಿಗೂ ಜರ್ಮನರು ‘ನೆಮ್ತ್ಸಿ’. 6ನೇ ಶತಮಾನದಲ್ಲಿ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಗ್ರೀಕರು ‘ಸ್ಲೊವೇನೆ’ಯನ್ನು ಬರೆದಿಟ್ಟರು. ಗ್ರೀಕರ ನಾಲಿಗೆಗೆ ‘ಸ್ಲ’ದಿಂದ ಶುರುವಾಗುವ ಪದ ಒಗ್ಗುವುದಿಲ್ಲ. ಹಾಗಾಗಿ ನಡುವೆ ಒಂದು ‘ಕ’ ಸೇರಿಸಿಕೊಂಡರು. ಆ ‘ಕ’ ಇಂದಿಗೂ ಫ್ರೆಂಚ್, ಜರ್ಮನ್ ಪದಗಳಲ್ಲಿ ಉಳಿದಿದೆ. ಇಂಗ್ಲಿಷ್ ಅದನ್ನು ಬಿಟ್ಟುಕೊಟ್ಟಿತು.

ಗುಲಾಮನಿಗೆ ಲ್ಯಾಟಿನ್ನಿನಲ್ಲಿ ‘ಸೆರ್ವುಸ್’ ಎಂಬ ಪದ ಇದ್ದೇ ಇತ್ತಲ್ಲ, ಹೊಸದು ಯಾಕೆ ಬೇಕಾಯಿತು? ಅಷ್ಟು ಹೊತ್ತಿಗೆ ಆ ಪದದ ಅರ್ಥ ಸರಿದುಹೋಗಿತ್ತು. ಒಡೆಯನ ಜಮೀನಿಗೆ ಕಟ್ಟುಬಿದ್ದ ಒಕ್ಕಲಿನವನಿಗೆ ಆ ಹೆಸರು ಅಂಟಿಕೊಂಡಿತು. ಪೇಟೆಯಲ್ಲಿ ಕೊಂಡು ಮಾರುವ ಮನುಷ್ಯನಿಗೆ ಬೇರೆ ಪದ ಬೇಕಿತ್ತು. 9 ಮತ್ತು 10ನೇ ಶತಮಾನಗಳಲ್ಲಿ ಹಾಗೆ ಮಾರಾಟವಾದವರಲ್ಲಿ ಸ್ಲಾವ್ ಜನ ಜಾಸ್ತಿ. ಅವರಲ್ಲಿ ಅನೇಕರು ಇನ್ನೂ ಕ್ರೈಸ್ತರಾಗಿರಲಿಲ್ಲ. ಕ್ರೈಸ್ತರನ್ನು ಮಾರಲು ಇದ್ದ ಅಡ್ಡಿ ಇವರ ವಿಷಯದಲ್ಲಿ ಇರಲಿಲ್ಲ. ಜರ್ಮನ್ ದೊರೆಗಳ ದಂಡಯಾತ್ರೆಗಳಲ್ಲಿ ಸೆರೆಸಿಕ್ಕವರನ್ನು ಪ್ರಾಗ್, ವೆರ್ದಂ, ವೆನಿಸ್ ಪೇಟೆಗಳಲ್ಲಿ ಮಾರಿದರು. ಎಷ್ಟೋ ಜನ ಆಗ ಅರಬ್ಬರ ಆಳ್ವಿಕೆಯಲ್ಲಿದ್ದ ಸ್ಪೇನಿನ ದೂರದ ಕೋರ್ಡೊಬಾದವರೆಗೂ ಹೋದರು. ಅಲ್ಲಿನ ಅರಬ್ಬರು ಅವರನ್ನು ಕರೆದದ್ದು ‘ಸಕಾಲಿಬಾ’ ಎಂದು. ಅದೂ ಅದೇ ಹೆಸರು. ಬರುಬರುತ್ತಾ ಜನಾಂಗದ ಹೆಸರೇ ಗುಲಾಮನ ಹೆಸರಾಯಿತು. ಹಳೆಯ ಇಂಗ್ಲಿಷಿನಲ್ಲೂ ವೇಲ್ಸ್ ಜನರನ್ನು ಕರೆಯುವ ಪದಕ್ಕೆ ಗುಲಾಮ ಎಂಬ ಅರ್ಥ ಬಂದಿತ್ತು.

‘ಸ್ಲಾವ್ ಎಂದರೆ ಗುಲಾಮ’ ಎಂದು ಎಷ್ಟೋ ಜನ ಹೇಳುತ್ತಾರೆ. ಅದು ಪೂರ್ತಿ ಉಲ್ಟಾ. ಹೆಸರು ಮೊದಲು, ಅನ್ಯಾಯ ಆಮೇಲೆ. ಯಾರಾದರೂ ಹೀಗೆ ಹೇಳಿದರೆ ನಾನು ಸುಮ್ನೆ ಬಿಡುವುದಿಲ್ಲ, ಅಲ್ಲೇ ತಿದ್ದುತ್ತೇನೆ. ಪೋಲೆಂಡಿನ ಸಹೋದ್ಯೋಗಿಯ ಮುಂದೆ ಈ ಮಾತು ಆಡಿದರೆ ಅವರಿಗೆ ನೋವಾಗುತ್ತದೆ ಅಲ್ವಾ? ಸ್ಲಾವ್ ಭಾಷೆಗಳಲ್ಲಿ ಗುಲಾಮನಿಗೆ ಬೇರೆಯೇ ಪದಗಳಿವೆ. ರಷ್ಯನ್ನಿನಲ್ಲಿ ‘ರಾಬ್’. ಬಿಟ್ಟಿ ಚಾಕರಿ ಎಂಬ ಅರ್ಥದ ಜೆಕ್ ಪದ ‘ರೊಬೊತಾ’ ಅದರ ನೆಂಟ. ಅದರಿಂದಲೇ 1920ರಲ್ಲಿ ಜೆಕ್ ಲೇಖಕ ಕಾರೆಲ್ ಚಾಪೆಕ್ ಅವರ ನಾಟಕಕ್ಕೆ ‘ರೋಬೋಟ್’ ಬಂತು.

ಇನ್ನು ಬಳಕೆ. ‘ಚಾವ್’ ಸಲುಗೆಯ ಮಾತು. ಇಟಲಿಯಲ್ಲಿ ಗೆಳೆಯರಿಗೆ ಹೇಳಿ. ಪ್ರೊಫೆಸರಿಗೆ, ಗುರುತಿಲ್ಲದ ಹಿರಿಯರಿಗೆ ‘ಬುವೊನ್ ಜೋರ್ನೊ’ ಹೇಳಿ. ಜರ್ಮನಿ, ಬ್ರೆಜಿಲ್‌ಗಳಲ್ಲಿ ‘ಚಾವ್’ ಹೊರಡುವಾಗಿನ ಮಾತು. ಜೆಕ್ ಜನ ಬರುವಾಗ, ಹೋಗುವಾಗ ಎರಡಕ್ಕೂ ‘ಚಾವ್’ ಎನ್ನುತ್ತಾರೆ. ಅವರೂ ಸ್ಲಾವ್ ಜನಾಂಗದವರೇ. ಮ್ಯೂನಿಕ್, ವಿಯೆನ್ನಾ ಕಡೆ ಹೋದರೆ ‘ಸೆರ್ವುಸ್’ ಕೇಳಿಸುತ್ತದೆ. ಅದೇ ಹಳೆಯ ಲ್ಯಾಟಿನ್ ಪದ, ಅದೇ ‘ನಿಮ್ಮ ದಾಸ’. ಹಂಗರಿಯಲ್ಲಿ ಇದೇ ಸೆರ್ವುಸ್ ಚಿಕ್ಕದಾಗಿ ‘ಸಿಯಾ’ ಆಗಿದೆ. ಇಂಗ್ಲಿಷಿನ ‘ಸೀ ಯಾ’ಗೂ ಇದಕ್ಕೂ ಸಂಬಂಧವಿಲ್ಲ. ಒಬ್ಬರಿದ್ದರೆ ‘ಸಿಯಾ’ ಹೇಳಿ, ನಾಲ್ಕು ಜನರಿದ್ದರೆ ‘ಸಿಯಾಸ್ತೊಕ್’.