ಕೋವಿ ದೆಹಲಿಯದು, ಜಮೀನು ಬೆಂಗಳೂರಿನದು

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೋದ್ ದಿನ ಗೆಳೆಯನ ಐನ್‌ಮನೆಗೆ, ಅಂದರೆ ಅವರ ಕುಟುಂಬದ ಮೂಲಮನೆಗೆ ಹೋಗಿದ್ದೆ. ಕೋವಿಗಳನ್ನು ಒರೆಸಿ ದೀಪದ ಕೆಳಗೆ ಸಾಲಾಗಿ ಇಟ್ಟಿದ್ದರು. ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು ಸಿಕ್ಕಿಸಿತ್ತು. ಮನೆಯ ಹುಡುಗ ಕೇಳಿದ: "ಇದಕ್ಕೆ ಲೈಸೆನ್ಸ್ ಬೇಡ ಅಂದಿದ್ದು ಬೆಂಗಳೂರಾ, ದೆಹಲಿಯಾ?"

ದೆಹಲಿ. ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಒಂದು ಕೇಂದ್ರದ್ದು, ಒಂದು ರಾಜ್ಯದ್ದು, ಇನ್ನೊಂದು ಇಬ್ಬರದ್ದೂ. ಆಯುಧ ಕೇಂದ್ರದ ಪಟ್ಟಿಯಲ್ಲಿದೆ. ಹಾಗಾಗಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ವಿನಾಯಿತಿ ಸಿಕ್ಕಿದ್ದು 1959ರ ಆಯುಧ ಕಾಯ್ದೆಯಡಿ. ತಮಾಷೆ ಏನು ಗೊತ್ತಾ? ಆ ಜಮ್ಮಾ ಜಮೀನು ಮಾತ್ರ ರಾಜ್ಯದ ಪಟ್ಟಿಯಲ್ಲಿದೆ. ತೋಟದ ಬೇಲಿಯಾಚೆಯ ಕಾಡು 1976ರ 42ನೇ ತಿದ್ದುಪಡಿವರೆಗೆ ರಾಜ್ಯದ್ದೇ ಆಗಿತ್ತು, ಆಮೇಲೆ ಇಬ್ಬರದ್ದೂ ಆಯಿತು. 1980ರ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಲು ರಾಜ್ಯ ಕೇಂದ್ರದ ಒಪ್ಪಿಗೆ ಕೇಳಲೇಬೇಕು.

ಒಂದು ಕಾನೂನು ಯಾರ ಪಟ್ಟಿಗೆ ಸೇರುತ್ತದೆ ಎಂಬ ತಕರಾರು ಬಂದರೆ ಕೋರ್ಟು ಅದರ ಹೆಸರು ನೋಡುವುದಿಲ್ಲ, ತಿರುಳು ನೋಡುತ್ತದೆ. ಪಕ್ಕದ ಪಟ್ಟಿಗೆ ಸ್ವಲ್ಪ ತಾಗಿದರೂ ಪರವಾಗಿಲ್ಲ.

ನಿಜವಾದ ಜಟಾಪಟಿ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿ. ಮೊದಲು ಕೇಂದ್ರದ ಕಾನೂನು, ರಾಜ್ಯದ ಕಾನೂನು ಎರಡನ್ನೂ ಒಟ್ಟಿಗೆ ಪಾಲಿಸಲು ಆಗುತ್ತದಾ ಅಂತ ಕೋರ್ಟು ಹುಡುಕುತ್ತದೆ. ಒಂದನ್ನು ಪಾಲಿಸಿದರೆ ಇನ್ನೊಂದನ್ನು ಮುರಿದಂತೆ ಅನ್ನುವ ಸ್ಥಿತಿಯಿದ್ದರೆ 254ನೇ ವಿಧಿ ಕೆಲಸಕ್ಕೆ ಬರುತ್ತದೆ. ಕೇಂದ್ರದ ಕಾನೂನು ನಿಲ್ಲುತ್ತದೆ, ರಾಜ್ಯದ್ದು ಎಷ್ಟು ಡಿಕ್ಕಿ ಹೊಡೆಯುತ್ತದೋ ಅಷ್ಟು ಬೀಳುತ್ತದೆ, ಪೂರ್ತಿ ಅಲ್ಲ.

ಆದರೆ ಹಿತ್ತಲ ಬಾಗಿಲು ಒಂದಿದೆ. ಘಟ್ಟದ ಕೆಳಗಿನ ಕಂಬಳವನ್ನೇ ನೋಡಿ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ಕೇಂದ್ರದ್ದು. ತಮಿಳುನಾಡಿನ ಜಲ್ಲಿಕಟ್ಟು ಕಾಯ್ದೆ ಅದಕ್ಕೆ ವಿರುದ್ಧ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆಮೇಲೆ ಕರ್ನಾಟಕ ಕಂಬಳಕ್ಕಾಗಿ 2017ರ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2023ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂಕಿತ ಬಿದ್ದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಕೇಂದ್ರದ ಕೈಗೇ ಬೀಗದ ಕೈ ಕೊಟ್ಟ ಬಾಗಿಲು ಅನ್ನಿ.

"ಅಲ್ಲಿಗೆ ಮುಗೀತಲ್ವಾ?" ಅಂದ ಹುಡುಗ. ಇಲ್ಲ. ಸಂಸತ್ತು ನಾಳೆಯೇ ಹೊಸ ಕಾನೂನು ತಂದು ಅದನ್ನು ರದ್ದು ಮಾಡಬಹುದು, ಅದೂ 254ನೇ ವಿಧಿಯಲ್ಲೇ ಇದೆ. ಕೋವಿಗೆ ಆ ಬಾಗಿಲೂ ಇಲ್ಲ, ಅದು ಇಬ್ಬರ ಪಟ್ಟಿಯಲ್ಲಿಲ್ಲವಲ್ಲ. ಈಗಿನ ವಿನಾಯಿತಿ 2029ರವರೆಗೆ. ಆಮೇಲೆ ಬೇಕೆಂದರೆ ಕೇಳಬೇಕಾದ್ದು ದೆಹಲಿಯನ್ನೇ.